ಹೊಸ್ತಿಲು ದಾಟಿದ ತೊಗರಿ

ಕುಕ್ಕರ್ ಆಗಷ್ಟೇ ಒಂದು ಸೀಟಿ ಹೊಡೆದಿತ್ತು. ಬೇಳೆ ಬೇಯುವ ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬರುತ್ತಿತ್ತು. ಓದಲು ಬೇರೇನೂ ಸಿಗದಿದ್ದರೆ ಬೆಂಕಿಪೊಟ್ಟಣದ ಮೇಲಿನದನ್ನಾದರೂ ಓದುವ ಚಾಳಿ ನನ್ನದು. ಬೇಳೆಯ ಖಾಲಿ ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕುವ ಮುಂಚೆ ಹೊರಳಿಸಿ ನೋಡಿದೆ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು: ಮೂಲ ದೇಶ, ಮೊಜಾಂಬಿಕ್. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಓದಿದೆ, ಅದೇ ಇತ್ತು.

ಮೊಜಾಂಬಿಕ್ ಮೇಲೆ ನನಗೇನೂ ಸಿಟ್ಟಿಲ್ಲ. ಅಲ್ಲಿಯ ಯಾರೂ ನನಗೆ ಕೆಟ್ಟದ್ದು ಮಾಡಿದವರಲ್ಲ. ಆದರೆ ಮಧ್ಯಾಹ್ನ ನನ್ನ ಮನೆಗೆ ಊಟಕ್ಕೆ ಬರುವವರು ಶರಣಪ್ಪ ಕಾಕಾ ಮತ್ತು ಅವನ ಹೆಂಡತಿ, ನಮ್ಮ ಕಾಕು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಬೀದರಿನ ಗಾಂಧಿ ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ಅಡತ್ ಅಂಗಡಿ ಇಟ್ಟುಕೊಂಡು ಆಯುಷ್ಯವೆಲ್ಲ ರೈತರ ಕಾಳುಕಡಿ ಮಾರಿಸಿಕೊಟ್ಟವನು. ಪರದೇಶದ ತೊಗರಿ ಎಂಬ ಮಾತು ಕಿವಿಗೆ ಬಿದ್ದರೆ ಅವನ ಮೀಸೆ ತಾನಾಗಿಯೇ ನೆಟ್ಟಗಾಗುತ್ತದೆ. ಅಂಥವನಿಗೆ ಆಫ್ರಿಕಾದ ಬೇಳೆ ಬಡಿಸುವುದೆಂದರೆ ಹುಲಿಗೆ ಹುಲ್ಲು ಹಾಕಿದ ಹಾಗೆ. ಮನೆಯಲ್ಲಿ ಬೇರೆ ಬೇಳೆ ಇಲ್ಲ. ಕುಕ್ಕರ್ ಇನ್ನೊಂದು ಸೀಟಿ ಹೊಡೆಯಿತು. ನನಗೆ ಭಯದ ಬದಲು ನಗು ಉಕ್ಕಿ ಬಂತು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಕೆಲವು ವರ್ಷ ಹಿಂದಕ್ಕೆ ಕರೆದೊಯ್ಯಬೇಕು. ಬನ್ನಿ, ಕುಕ್ಕರ್ ತಣ್ಣಗಾಗುವವರೆಗೆ ಹೇಗೂ ಕೆಲಸವಿಲ್ಲ.

ಆಗ ನಾನು ಬಿ.ಎ. ಓದುತ್ತಿದ್ದೆ. ನಮ್ಮ ಮನೆ ಭಾಲ್ಕಿಯಲ್ಲಿ. ಕಾಲೇಜಿಗೆಂದು ಬೀದರಿನ ಮೈಲೂರು ಬಡಾವಣೆಯ ಕಾಕಾನ ಮನೆಯಲ್ಲಿದ್ದೆ. ಅರ್ಥಶಾಸ್ತ್ರ ಹೊಸದಾಗಿ ತಲೆಗೇರಿತ್ತು. ಮುಕ್ತ ವ್ಯಾಪಾರ, ತುಲನಾತ್ಮಕ ಲಾಭ ಎಂಬ ಮಾತುಗಳನ್ನು ಉಪ್ಪಿನಕಾಯಿಯಂತೆ ಎಲ್ಲ ಊಟಕ್ಕೂ ನೆಂಚಿಕೊಳ್ಳುತ್ತಿದ್ದೆ. ಯಾವ ದೇಶ ಯಾವುದನ್ನು ಚೆನ್ನಾಗಿ ಬೆಳೆಯುತ್ತದೋ ಅದನ್ನು ಬೆಳೆಯಲಿ, ಉಳಿದದ್ದನ್ನು ಕೊಳ್ಳಲಿ, ಜಗತ್ತೆಲ್ಲ ಸುಖವಾಗಿರುತ್ತದೆ ಎಂದು ನಾನು ಒಂದು ದಿನ ಕಾಕಾನಿಗೆ ಪಾಠ ಮಾಡಿದೆ. ಅವನು ಪೂರ್ತಿ ಕೇಳಿ, ಬಾಯಿ ಒರೆಸಿಕೊಂಡು ಕೇಳಿದ, "ನಿನ್ನ ಪುಸ್ತಕ ಬರದಾಂವ ಯಾವಾಗರೆ ರಾಶಿ ಮಾಡ್ಯಾನೇನವ್ವಾ?"

ಕಾಕಾನ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಡೆ ತೊಗರಿ ರಾಶಿಯಾಗುವ ಹೊತ್ತಿಗೇ ಸರಿಯಾಗಿ ಮುಂಬೈಗೆ ಪರದೇಶದ ತೊಗರಿಯ ಹಡಗು ಬಂತಂತೆ ಎಂಬ ಸುದ್ದಿ ಬರುತ್ತಿತ್ತು. ಹಡಗಿನಿಂದ ಮಾಲು ಇಳಿಯಬೇಕೆಂದೇನಿಲ್ಲ, ಸುದ್ದಿ ಇಳಿದರೆ ಸಾಕು, ಗಂಜಿನಲ್ಲಿ ದರ ಕೂತುಬಿಡುತ್ತಿತ್ತು. ಕಮಠಾಣದಿಂದ ಗಾಡಿ ಹೂಡಿಕೊಂಡು ಬಂದ ರೈತ ಕಾಕಾನ ಮುಖ ನೋಡುತ್ತಿದ್ದ, ಕಾಕಾ ಮೋಡ ನೋಡುತ್ತಿದ್ದ. "ನಮ್ಮ ದೇಶಕ್ಕ ಬಾಗಲಾ ಇಲ್ಲೇನು? ಯಾರ್ ಬೇಕಾದವ್ರು ಬಂದು ನಡುಮನ್ಯಾಗ ಕೂಡ್ತಾರಲ್ಲ!" ಎಂದು ಚಹದ ಬಸಿ ಕುಟ್ಟುತ್ತಿದ್ದ.

ಆ ಬಸಿಯಲ್ಲಿ ಅರ್ಧ ಚಹ ಯಾವಾಗಲೂ ಮಹೆಬೂಬ ಸೇಠನದು. ಅವನ ಅಂಗಡಿ ಕಾಕಾನ ಅಂಗಡಿಯ ಎದುರಿಗೇ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಗಂಜಿಗೆ ಬರ್ಮಾದ ತೊಗರಿ ತರಿಸಿದವರಲ್ಲಿ ಮಹೆಬೂಬ ಸೇಠನೇ ಮೊದಲಿಗ. ಆದ್ದರಿಂದ ಕಾಕಾ ದೇಶದ ಶತ್ರುವಿನ ಜೊತೆ ದಿನಾ ಚಹ ಹಂಚಿಕೊಂಡು, ದಿನಾ ಜಗಳವಾಡಿ, ಸಂಜೆ ಅವನದೇ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುತ್ತಿದ್ದ.

ಕಾಕಾನಿಗೆ ಒಂದು ವಿದ್ಯೆಯಿತ್ತು. ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, ಒಂದನ್ನು ಹಲ್ಲಿಗೆ ಕೊಟ್ಟು ಕಟ್ ಎನಿಸಿ ಊರು ಹೇಳಿಬಿಡುತ್ತಿದ್ದ. ಇದು ಕಮಠಾಣದ್ದು, ಇದು ಭಾಲ್ಕಿಯದು, ಇದು ಭಾಲ್ಕಿಯದೇ ಆದರೆ ಹಳ್ಳದ ಆಚೆ ದಂಡೆಯದು. ಹಮಾಲರು ಚೀಲ ಕೆಳಗಿಟ್ಟು ನೋಡುತ್ತಿದ್ದರು. ಈ ವಿದ್ಯೆಯ ಅಮಲಿನಲ್ಲಿ ಒಂದು ದಿನ ಅವನು ಗಂಜಿನ ನಡುವೆ ನಿಂತು, "ಪರದೇಶದ ಬ್ಯಾಳಿ ಕಣ್ಣ ಮುಚ್ಚಿ ಹೇಳ್ತೇನಿ" ಎಂದ.

"ಹಸಿ ಕಾಳ ಯಾರರೆ ಹೇಳ್ತಾರ," ಎಂದ ಮಹೆಬೂಬ ಸೇಠ. "ಕುದಿಸಿದ್ದು ಹೇಳ್ತಿಯೇನು ಶರಣಪ್ಪಾ? ನೀ ಗೆದ್ದಿ ಅಂದ್ರ ಬರ್ಮಾ ಮಾಲ್ ಬಂದ್ ಮಾಡ್ತೇನಿ. ಕಸಂ ಸೆ."

"ಹೇಳ್ತೇನಿ. ನಾ ಯಾವ್ದು ಪರದೇಶದ್ದು ಅಂತೀನೋ, ಅದು ಸಾಯೋತನಕ ನನ್ನ ಹೊಸ್ತಿಲಾ ದಾಟೂದಿಲ್ಲ. ಎಲ್ಲಾರೂ ಕೇಳ್ರಿ!" ಎಂದ ಕಾಕಾ. ಎಲ್ಲರೂ ಕೇಳಿದರು. ಲಾರಿ ಡ್ರೈವರುಗಳೂ ಕೇಳಿದರು.

ಇಲ್ಲಿ ಸ್ವಲ್ಪ ನಿಲ್ಲಿ, ಕಾಕುವಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಾಕುವಿನ ತವರು ಔರಾದ ಕಡೆ. ಅವರದು ಕುರಿ ಸಾಕುವ ಮನೆತನ, ಮಳೆ ನಂಬಿದ ಕರಿಮಣ್ಣಿನ ಹೊಲ, ಹೊಲದ ತುಂಬ ತೊಗರಿ. ಬಿತ್ತುವ ಮುಂಚೆ ಕುರಿಗಳನ್ನು ರಾತ್ರಿ ಹೊಲದಲ್ಲೇ ತರುಬಿ ನಿಲ್ಲಿಸುತ್ತಿದ್ದರು, ಅವುಗಳ ಹಿಕ್ಕೆಯೇ ಗೊಬ್ಬರ. ಪ್ರತಿವರ್ಷ ರಾಶಿಯಾದ ಮೇಲೆ ಕಾಕುವಿನ ತಮ್ಮ ಬಸಣ್ಣ ಮಾಮಾ ಒಂದು ಚೀಲ ತೊಗರಿಯನ್ನು ತನ್ನ ಕಂಬಳಿಯಲ್ಲಿ ಸುತ್ತಿ ಟೆಂಪೋದಲ್ಲಿ ಹೇರಿಕೊಂಡು ಮೈಲೂರಿಗೆ ತರುತ್ತಿದ್ದ. ಕಾಕು ಹೊಸ್ತಿಲಿನಲ್ಲೇ ಚೀಲ ಇಳಿಸಿಕೊಂಡು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳುತ್ತಿದ್ದಳು. ಹೌದು, ಕರೆದುಕೊಳ್ಳುತ್ತಿದ್ದಳು ಎಂದೇ ಹೇಳಬೇಕು. ಆ ದಿನ ಅವಳು ನಡೆಯುವ ರೀತಿಯೇ ಬೇರೆ. ಆಮೇಲೆ ಆ ಕಾಳನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುಕಲ್ಲಿನಲ್ಲಿ ತಾನೇ ಒಡೆದು ಬೇಳೆ ಮಾಡುತ್ತಿದ್ದಳು.

ಪರೀಕ್ಷೆ ಎಳ್ಳಮವಾಸ್ಯೆಗೆ ಕೆಲವು ದಿನ ಮುಂಚೆ ನಮ್ಮ ಪಡಸಾಲೆಯಲ್ಲಿ ನಡೆಯಿತು. ಕಾಕು ಎರಡು ಬೋಗುಣಿಯಲ್ಲಿ ಬರೀ ಉಪ್ಪು ಹಾಕಿದ ಬೇಳೆ ತಂದಿಟ್ಟಳು. ಒಂದು ಸೇಠನ ಬರ್ಮಾದ್ದು, ಇನ್ನೊಂದು ತವರಿನದು. ಕಾಕಾನ ಕಣ್ಣಿಗೆ ನನ್ನ ಓಢಣಿ ಕಟ್ಟಿದೆವು. ಅವನು ಮೊದಲ ಬೋಗುಣಿಯಿಂದ ಒಂದು ಬೆರಳು ನೆಕ್ಕಿದ. ಮುಖ ಅರಳಿತು. "ಆಹಾಹಾ! ಕೇಳೂದೇನದ? ಇದು ನಮ್ಮ ನೆಲ. ಕರಿ ಮಣ್ಣಿನ ರುಚಿ!"

ಅದು ಬರ್ಮಾ. ಮಹೆಬೂಬ ಸೇಠ ಬಾಯಿಗೆ ರುಮಾಲು ತುರುಕಿಕೊಂಡು ಗೋಡೆಗೆ ತಿರುಗಿದ. ನಾನು ತುಟಿ ಕಚ್ಚಿಕೊಂಡೆ.

ಕಾಕಾ ಎರಡನೇ ಬೋಗುಣಿ ಎತ್ತಿ ಮೂಸಿದ. ಮೂಗು ಸೊಟ್ಟಗಾಯಿತು. "ಥೂ. ಇದರಾಗ ಸಮುದ್ರದ ವಾಸನಿ ಬರ್ಲತ್ತದ. ಇದನ್ನ ಮನಷ್ಯಾರು ತಿಂತಾರೇನು? ಎಮ್ಮಿಗಿ ಹಾಕ್ರಿ."

ಸೇಠನ ನಗು ಅರ್ಧಕ್ಕೇ ನಿಂತಿತು. ಅವನು ಕಾಕುವಿನ ಮುಖ ನೋಡಿದ್ದ. ಕಾಕು ಮೆಲ್ಲಗೆ ಬಂದು ಗಂಡನ ಕಣ್ಣಿನ ಕಟ್ಟು ಬಿಚ್ಚಿ, "ಅದು ಔರಾದದ್ದರಿ" ಎಂದಳು.

ಕಾಕಾ ಬೋಗುಣಿ ನೋಡಿದ, ಸೇಠನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ, ಅರ್ಥಶಾಸ್ತ್ರದಲ್ಲಿ ಇದಕ್ಕೇನಾದರೂ ದಾರಿ ಇದೆಯೇನೋ ಎಂಬಂತೆ. ಇರಲಿಲ್ಲ.

"ಗಂಜಿನ್ಯಾಗ ಎಲ್ಲಾರ ಮುಂದ ಮಾತು ಕೊಟ್ಟೀರಿ," ಎಂದಳು ಕಾಕು. ಅವಳ ದನಿ ಏರಲಿಲ್ಲ, ಅದೇ ಹೆದರಿಕೆಯ ಸಂಗತಿ. "ನಿಮ್ಮ ಮಾತು ಸುಳ್ಳ ಆಗಬಾರದು. ಇನ್ನ ಮ್ಯಾಲ ನನ್ನ ತವರಿನ ತೊಗರಿ ಈ ಹೊಸ್ತಿಲಾ ದಾಟೂದಿಲ್ಲ. ಬಸಣ್ಣಗ ಹೇಳಿ ಕಳಸ್ತೇನಿ."

"ಏ, ನಾ ಬ್ಯಾಳಿಗಿ ಅಂದೀನಿ. ನಿನಗೇನ್ ಅಂದೀನಿ?"

"ಆ ಹೊಲದಾಗಿನ ಕಾಳ ತಿಂದೇ ಬೆಳದೀನ್ರಿ. ಅದು ಪರದೇಶದ್ದಾದ್ರ ನಾನೂ ಪರದೇಶದಾಕಿ." ಹೀಗೆಂದು ಬೋಗುಣಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸೇಠ ಚಪ್ಪಲಿ ಹುಡುಕಿಕೊಂಡು, "ಮರ್ ಗಯಾ ಶರಣಪ್ಪಾ, ಸತ್ತಿ ನೀ" ಎಂದು ಪಿಸುಗುಟ್ಟಿ ಹೊರಟುಹೋದ.

ಮರುದಿನ ಬೆಳಿಗ್ಗೆ ಕಾಕು ನನ್ನನ್ನು ಅಡುಗೆಮನೆಗೆ ಕರೆದಳು. "ನಿನ್ನ ಪುಸ್ತಕದಾಗ ನೋಡಿ ಹೇಳು, ನಮ್ಮ ಮನ್ಯಾಗ ಪರದೇಶದಿಂದ ಬಂದದ್ದು ಏನೇನದ?" ನನ್ನ ಓದನ್ನು ಯಾರೋ ಕಡೆಗೂ ಬಳಸಿಕೊಳ್ಳುತ್ತಿದ್ದಾರೆಂಬ ಹಿಗ್ಗಿನಲ್ಲಿ ನಾನು ಮುಂದಿನದನ್ನು ಯೋಚಿಸಲಿಲ್ಲ.

"ಮೆಣಸಿನಕಾಯಿ" ಎಂದೆ.

ಕಾಕುವಿನ ಕೈ ಡಬ್ಬಿಯ ಮೇಲೇ ನಿಂತಿತು. "ಮೆಣಸಿನಕಾಯಿ? ಖರೇನು?"

"ಹೌದು ಕಾಕು, ಸಮುದ್ರ ದಾಟಿ ಬಂದದ."

"ಶೇಂಗಾ?"

"ಅದೂ."

"ಬಟಾಟಿ, ಟಮಾಟಿ?"

"ಅವೂ. ಚಹಾ ಸುದ್ದಾ ಚೀನಾದ್ದು."

ಕಾಕು ಒಂದೊಂದೇ ಡಬ್ಬಿ ತೆಗೆದು ಮಂಚದ ಕೆಳಗೆ ಸಾಲಾಗಿ ಜೋಡಿಸಿದಳು. ನೀವು ನಮ್ಮ ಕಡೆಯವರಾದರೆ ಮುಂದಿನ ಕಷ್ಟ ನಿಮಗೆ ಈಗಾಗಲೇ ತಿಳಿದಿರಬೇಕು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಲ್ಲದ, ಕೆಂಪು ಖಾರ ಇಲ್ಲದ, ಚಹ ಇಲ್ಲದ ಬೀದರಿನ ಮನೆ! ಅಂದು ಮಧ್ಯಾಹ್ನ ಕಾಕಾನ ತಾಟಿನಲ್ಲಿ ಜೋಳದ ರೊಟ್ಟಿ, ಕಾಳುಮೆಣಸು ಕುಟ್ಟಿ ಹಾಕಿದ ಬೇಳೆ, ಮೊಸರು. ಅಷ್ಟೇ.

"ಖಾರಾ?" ಎಂದ ಕಾಕಾ.

"ಪರದೇಶದ್ದಂತರಿ. ಹುಡುಗಿ ಓದ್ಯಾಳ."

ಕಾಕಾ ನನ್ನ ಕಡೆ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ನನ್ನ ತಾಟಿನಲ್ಲೂ ಅದೇ ಇತ್ತೆಂಬುದೇ ನನಗಾದ ಶಿಕ್ಷೆ. ಇನ್ನೂ ಒಂದು ತಮಾಷೆ ಇತ್ತು. ತವರಿನ ಬೇಳೆಗೆ ಪ್ರವೇಶವಿಲ್ಲದ್ದರಿಂದ ಕಾಕು ಸೇಠನಿಗೆ ಹೇಳಿ ಬರ್ಮಾದ ಬೇಳೆ ತರಿಸಿದ್ದಳು. "ನೀವೇ ಅಂದೀರಲ್ಲರಿ, ಕರಿ ಮಣ್ಣಿನ ರುಚಿ ಅಂತ" ಎಂದು ಮತ್ತೊಂದು ಸೌಟು ಹಾಕಿದಳು. ಕಾಕಾ ತನ್ನದೇ ತೀರ್ಪಿನ ಪ್ರಕಾರ ಸ್ವದೇಶಿಯಾದ ಪರದೇಶದ ಬೇಳೆಯನ್ನು ತಲೆ ತಗ್ಗಿಸಿ ಉಂಡ. ಗಂಜಿಗೆ ಹೋದರೆ ಅಲ್ಲೂ ಸುಖವಿಲ್ಲ. ಸೇಠ ಬಸಿಯಲ್ಲಿ ಚಹ ಸುರಿದು ಮುಂದಿಟ್ಟು, "ಕುಡಿ ಭಾಯಿ. ಹೇಳಂಗಿಲ್ಲ ಯಾರಿಗಿ" ಎನ್ನುತ್ತಿದ್ದನಂತೆ. ಕಾಕಾ ಕಳ್ಳಸಾಗಣೆಯ ಚಹ ಕುಡಿದು, ಮನೆಗೆ ಬರುವ ಮುಂಚೆ ಸೋಂಪು ಅಗಿಯುತ್ತಿದ್ದ.

ಇಷ್ಟರಲ್ಲಿ ನನ್ನ ಪುಸ್ತಕದಲ್ಲಿ ಇನ್ನೊಂದು ಸಾಲು ಸಿಕ್ಕಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ದೇಶಪ್ರೇಮಕ್ಕಲ್ಲ, ಹೊಟ್ಟೆಪಾಡಿಗೆ. ಆದರೆ ಎಳ್ಳಮವಾಸ್ಯೆಯ ಹಿಂದಿನ ದಿನ ಊಟಕ್ಕೆ ಕೂತ ಕಾಕಾ ರೊಟ್ಟಿ ಮುರಿಯುತ್ತಾ, "ಹೋಗ್ಲಿ, ಜ್ವಾಳದ ರೊಟ್ಟಿಯರೆ ನಮ್ದದ ಅಲ್ಲೇನು?" ಎಂದ. ನಾನು ತಾಟು ನೋಡತೊಡಗಿದೆ. ಸುಮ್ಮನೆ ನೋಡಿದ್ದರೆ ಏನೂ ಆಗುತ್ತಿರಲಿಲ್ಲವೇನೋ, ಬಹಳ ಹೊತ್ತು ನೋಡಿಬಿಟ್ಟೆ.

"ಇದೂ ಏನವ್ವಾ?" ಎಂದ ಕಾಕಾ, ಸಣ್ಣ ದನಿಯಲ್ಲಿ.

"ಆಫ್ರಿಕಾದ್ದಂತ ಕಾಕಾ. ಭಾಳ ಹಿಂದ ಬಂದದಂತ."

ಕಾಕಾ ರೊಟ್ಟಿಯನ್ನು ತಾಟಿನಲ್ಲಿಟ್ಟ. "ಹಂಗಾದ್ರ ನಮ್ಮಪ್ಪ ಜಲ್ಮೆಲ್ಲಾ ಏನ್ ತಿಂದ?"

ಒಳಗಿನಿಂದ ಕಾಕುವಿನ ದನಿ ಬಂತು. "ಭಾಲ್ಕಿದು ಅನ್ಕೊಂಡು ತಿಂದ್ರರಿ."

ಕಾಕಾ ನಕ್ಕ. ತಡೆಯಲಾರದೆ, ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ನಾನೂ ನಕ್ಕೆ. ಕಾಕು ಮಾತ್ರ ನಗಲಿಲ್ಲ. ಕಾಕಾ ನಗು ಮುಗಿಸಿ, "ನಾಳಿ ಎಷ್ಟೊತ್ತಿಗಿ ಹೊಂಡೂದು ಔರಾದಕ?" ಎಂದು ಏನೂ ಆಗದವನಂತೆ ಕೇಳಿದ. ಎಳ್ಳಮವಾಸ್ಯೆಗೆ ಕಾಕುವಿನ ತವರಿನ ಹೊಲಕ್ಕೆ ಊಟಕ್ಕೆ ಹೋಗುವುದು ಮದುವೆಯಾದಾಗಿನಿಂದ ತಪ್ಪದ ಪದ್ಧತಿ.

"ನಾನು, ಹುಡುಗಿ ಹೋಗ್ತೇವಿ. ನಿಮಗ ಅದು ಪರದೇಶ. ಪಾಸ್‌ಪೋರ್ಟ್ ಇಲ್ಲದ ಹ್ಯಾಂಗ ಬರ್ತೀರಿ?" ಎಂದಳು ಕಾಕು. ಅವಳ ಕಣ್ಣು ಒದ್ದೆಯಾಗಿತ್ತು. ಇಷ್ಟು ದಿನ ನಾನು ಇದನ್ನು ಆಟವೆಂದುಕೊಂಡಿದ್ದೆ. ಅವಳಿಗೆ ಅದು ಅಪ್ಪನ ಹೊಲ, ತಮ್ಮನ ಮುಖ, ಮುಂದೆ ಎಂದೂ ಬರಲಾರದ ಒಂದು ಚೀಲ.

ಬೆಳಿಗ್ಗೆ ನಾವಿಬ್ಬರೂ ಔರಾದ ಬಸ್ಸು ಹತ್ತಿದೆವು. ಆ ದಾರಿಯಲ್ಲಿ ಹೋದವರಿಗೆ ಗೊತ್ತು, ನಮ್ಮ ಸೀಮೆಯ ಮೊಬೈಲುಗಳಿಗೆ ಯಾವ ರಾಜ್ಯ ಎಂಬುದೇ ತಿಳಿಯುವುದಿಲ್ಲ. ಸೀಟಿನಲ್ಲಿ ಕೂತಲ್ಲೇ ಒಮ್ಮೆ ಮಹಾರಾಷ್ಟ್ರಕ್ಕೆ ಸ್ವಾಗತ, ಒಮ್ಮೆ ತೆಲಂಗಾಣಕ್ಕೆ ಸ್ವಾಗತ ಎಂದು ಸಂದೇಶ ಬರುತ್ತದೆ. ಬೇರೆ ದಿನವಾಗಿದ್ದರೆ ಕಾಕುವಿಗೆ ಓದಿ ತೋರಿಸಿ ನಗಿಸುತ್ತಿದ್ದೆ. ಆ ದಿನ ಫೋನನ್ನು ಚೀಲದೊಳಗೆ ಹಾಕಿದೆ.

ಹೊಲದಲ್ಲಿ ತೊಗರಿ ಕಾಯಿ ತೂಗುತ್ತಿತ್ತು. ಗಿಡದ ನೆರಳಲ್ಲಿ ಕಂಬಳಿ ಹಾಸಿ, ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಎಲ್ಲ ಜೋಡಿಸಿದ್ದರು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಕಾಲಕ್ಕೆ ಹೊಲದಲ್ಲಿ ಏನೇನು ಹಸಿರಾಗಿ ಸಿಗುತ್ತದೋ ಎಲ್ಲ ಸೊಪ್ಪು, ಎಲ್ಲ ಕಾಳು ಒಂದೇ ಪಾತ್ರೆಯಲ್ಲಿ ಬೇಯುವ ಪದಾರ್ಥ. ಕಾಕು ಹಸಿ ತೊಗರಿ ಸುಲಿಯುತ್ತಾ ಕೂತಳು. ಬಸಣ್ಣ ಮಾಮಾ ಏನೂ ಕೇಳಲಿಲ್ಲ. ಅವನಿಗೆ ಎಲ್ಲ ಗೊತ್ತಾಗಿತ್ತು. ಸೇಠನ ಬಾಯಿಂದ ಗಂಜಿಗೆ ಬಿದ್ದ ಮಾತು ಔರಾದಕ್ಕೆ ಬಸ್ಸಿಗಿಂತ ಮುಂಚೆ ಮುಟ್ಟುತ್ತದೆ.

ಸ್ವಲ್ಪ ಹೊತ್ತಿಗೆ ದೂರದಲ್ಲಿ ಸ್ಕೂಟರಿನ ಸದ್ದು ಕೇಳಿತು. ಮುಂದೆ ಮಹೆಬೂಬ ಸೇಠ, ಹಿಂದೆ ನಮ್ಮ ಕಾಕಾ, ಬಿಳಿ ಧೋತರ, ಬಿಳಿ ಅಂಗಿ. ಸೇಠನಿಗೆ ಪ್ರತಿವರ್ಷ ಅಲ್ಲಿ ಊಟದ ಆಮಂತ್ರಣ ಇದ್ದೇ ಇರುತ್ತಿತ್ತು. ಅವನು ಸ್ಕೂಟರ್ ನಿಲ್ಲಿಸಿ, "ಭಜ್ಜಿ ಆಯ್ತೇನ್ರಿ ಅಕ್ಕಾ?" ಎನ್ನುತ್ತಾ ಬದು ದಾಟಿ ಸೀದಾ ಒಳಗೆ ಬಂದ. ಕಾಕಾ ಬದುವಿನ ಆಚೆಯೇ ನಿಂತ. ಕಾಕು ತಲೆ ಎತ್ತಲಿಲ್ಲ.

ಆಗ ಚರಗ ಚೆಲ್ಲುವ ಹೊತ್ತು. ಎಡೆಯ ಅನ್ನ, ರೊಟ್ಟಿ ಚೂರು, ಭಜ್ಜಿ ಎಲ್ಲ ಕಲಸಿ ಹೊಲದ ನಾಲ್ಕೂ ಕಡೆ ಭೂಮಿತಾಯಿಗೆ ಎರಚುತ್ತಾ ಬರುವುದಕ್ಕೆ ಚರಗ ಎನ್ನುತ್ತಾರೆ. ಬಸಣ್ಣ ಮಾಮಾ ಬುಟ್ಟಿ ಹಿಡಿದು ಬದುಗುಂಟ ಸುತ್ತುತ್ತಾ ಕಾಕಾನ ಎದುರಿಗೆ ಬಂದು ನಿಂತ.

"ಭಾವಾರ, ಒಂದು ಮಾತು ಕೇಳ್ಲ್ಯಾ?"

"ಕೇಳಪ್ಪಾ."

"ನೀವು ಸಮುದ್ರ ಯಾವಾಗ ನೋಡೀರಿ?"

ಕಾಕಾ ಗಂಟಲು ಸರಿಮಾಡಿಕೊಂಡ. "ನೋಡಿಲ್ಲ."

"ನೀವು ಸಮುದ್ರದ್ದು ಅಂದದ್ದು ನನ್ನ ಕಂಬಳಿ ವಾಸನಿರಿ. ಹೋದ ವರ್ಷ ಹಾದ್ಯಾಗ ಮಳಿ ಬಂತು, ಚೀಲಕ್ಕ ಹಸಿ ಕಂಬಳಿ ಸುತ್ತಿದ್ನಿ." ಮಾಮಾ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದ. "ಗಂಜಿನ್ಯಾಗ ನೀವು ನಮ್ಮ ಸಲುವಾಗಿ ಬಡದಾಡ್ತೀರಿ, ನಮಗ ಗೊತ್ತದ. ಆದ್ರ ನಮ್ಮ ಮಾಲ್ ನಿಮಗ ಗುರ್ತ ಸಿಗಲಿಲ್ಲಂದ್ರ, ಬಡದಾಡೂದು ಯಾರ್ ಸಲುವಾಗಿರಿ?"

ಕಾಕಾ ತಲೆ ಕೆಳಗೆ ಹಾಕಿ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆಯತೊಡಗಿದ. ಮಾಮಾ ಬುಟ್ಟಿಯಿಂದ ಒಂದು ಹಿಡಿ ತೆಗೆದು, ಪದ್ಧತಿಯಂತೆ ಬದುವಿನ ಆಚೆಗೆ ಬೀಸಿ ಎರಚಿದ. ಬೇಕೆಂದೇ ಮಾಡಿದನೋ, ಕೈ ತಪ್ಪಿತೋ, ನನಗೆ ಇಂದಿಗೂ ಗೊತ್ತಿಲ್ಲ. ಅಷ್ಟೂ ಚರಗ ಕಾಕಾನ ಮೇಲೆ ಬಿತ್ತು. ಮೀಸೆಯಲ್ಲಿ ಅನ್ನ, ಅಂಗಿಯ ಮೇಲೆ ಭಜ್ಜಿ, ಕಿವಿಯ ಮೇಲೆ ಒಂದು ಎಳೆ ಮೆಂತ್ಯ ಸೊಪ್ಪು. ಸೇಠ "ಯಾ ಅಲ್ಲಾ!" ಎಂದು ಕುಳಿತಲ್ಲೇ ಉರುಳಿದ. ಮನೆಮಂದಿಯೆಲ್ಲ ಕಾಕುವಿನ ಕಡೆ ನೋಡಿದರು.

ಕಾಕು ಎದ್ದಳು. ಸೆರಗು ಸಿಕ್ಕಿಸಿಕೊಂಡು ಬದುವಿನವರೆಗೆ ನಡೆದುಬಂದಳು. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಷ್ಟು ದಿನ ಬಿಗಿದಿದ್ದ ಅವಳ ತುಟಿ ಮೊದಲು ಒಂದು ಮೂಲೆಯಲ್ಲಿ ಸಡಿಲಾಯಿತು, ಆಮೇಲೆ ಇನ್ನೊಂದು ಮೂಲೆಯಲ್ಲಿ.

"ಚರಗ ಬಿದ್ದದ್ದೆಲ್ಲಾ ನಮ್ಮ ಹೊಲನ. ಬರ್ರಿ ಒಳಗ" ಎಂದಳು.

ಕಾಕಾ ಒಳಗೆ ಬಂದ. ಬಂದವನೇ ಒಂದು ಕಾಯಿ ಕಿತ್ತು, ಸುಲಿದು, ಹಸಿ ಕಾಳನ್ನು ಹಲ್ಲಿಗೆ ಕೊಟ್ಟು ಕಣ್ಣು ಮುಚ್ಚಿದ. "ಇದು ನನ್ನ ಹೆಂಡತಿ ತವರಿಂದು" ಎಂದು ಗಂಜಿಗೆಲ್ಲ ಕೇಳುವಂತೆ ಕೂಗಿದ. ಅವನ ಮೀಸೆಯ ಅನ್ನ ಇನ್ನೂ ಅಲ್ಲೇ ಇತ್ತು. ಅಂದು ಅವನು ಭಜ್ಜಿಯ ಜೊತೆ ಹಸಿಮೆಣಸಿನಕಾಯಿ ಕಡಿದ ರೀತಿ ನೋಡಿದ್ದರೆ ಅದನ್ನು ಕಳುಹಿಸಿದ ದೇಶದವರು ಹೆಮ್ಮೆಪಡುತ್ತಿದ್ದರು. ರಾಶಿಯಾದ ಮೇಲೆ ಬಂದ ಚೀಲವನ್ನು ಕಾಕಾ ತಾನೇ ಹೊತ್ತು ಹೊಸ್ತಿಲು ದಾಟಿಸಿದ. ಸೇಠ ಬರ್ಮಾ ಮಾಲು ಬಂದ್ ಮಾಡಲಿಲ್ಲ, ಗೆದ್ದವನು ಅವನಲ್ಲವೇ. ಮರುವಾರದಿಂದ ಚಹದ ಬಸಿಯ ಮೇಲೆ ಅದೇ ಜಗಳ.

ಕುಕ್ಕರ್ ತಣ್ಣಗಾಯಿತು. ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಒಗ್ಗರಣೆಗೆ ನಾಲ್ಕು ಮೆಣಸಿನಕಾಯಿ ಹೆಚ್ಚೇ ಹಾಕಿದೆ. ಪ್ಯಾಕೆಟ್ಟನ್ನು ಬಚ್ಚಿಡಬಹುದಿತ್ತು. ಆದರೆ ಯಾಕೋ ಬಚ್ಚಿಡಬೇಕೆನಿಸಲಿಲ್ಲ.

ಕಾಕಾ, ಕಾಕು ಬಂದರು. ಕಾಕಾನ ಮೀಸೆ ಈಗ ಪೂರ್ತಿ ಬಿಳಿ. ಕೂತ, ಕಲಸಿದ, ಮೊದಲ ತುತ್ತಿಗೇ ಕೈ ನಿಲ್ಲಿಸಿ ಕೇಳಿದ, "ಎಲ್ಲಿಂದವ್ವಾ ಇದು?"

ಪರೀಕ್ಷೆಯಲ್ಲಿ ಒಮ್ಮೆ ಸೋತವನು ಈಗ ಊಹಿಸುವುದಿಲ್ಲ, ಕೇಳುತ್ತಾನೆ. "ಮೊಜಾಂಬಿಕ್ ಕಾಕಾ" ಎಂದೆ. ಮೀಸೆ ನೆಟ್ಟಗಾಗುವುದು ಕಂಡಿತು. ಅಷ್ಟರಲ್ಲಿ ನಾನು ಎಷ್ಟೋ ವರ್ಷಗಳ ಮೇಲೆ ಕಲಿತ ಒಂದು ಮಾತನ್ನು ಅವಸರದಲ್ಲಿ ಸೇರಿಸಿದೆ. "ತೊಗರಿ ಮೂಲತಃ ನಮ್ಮ ಕಡಿದೇ ಅಂತ ಕಾಕಾ. ಇಲ್ಲಿಂದನೇ ಆಫ್ರಿಕಾಕ್ಕ ಹೋಗ್ಯದಂತ. ಜ್ವಾಳ ಅಲ್ಲಿಂದ ಬಂತು, ತೊಗರಿ ಇಲ್ಲಿಂದ ಹೋಯ್ತು."

ಕಾಕು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಆಮೇಲೆ ತಾಟಿನ ಬೇಳೆ ನೋಡಿದಳು, ಬಹಳ ದಿನದ ಮೇಲೆ ಕಂಡವರ ಮುಖ ನೋಡುವ ಹಾಗೆ. "ಅಂದ್ರ ಕೊಟ್ಟ ಮಗಳು," ಎಂದಳು. "ತವರಿಗಿ ಬಂದಾಳ. ಆಕಿಗಿ ಹೊಸ್ತಿಲಾ ಹೊರಗ ನಿಲ್ಲಸ್ತೀರೇನ್ರಿ?"

ಕಾಕಾ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಹೆಂಡತಿಯ ಕಡೆ. ನಾನು ಸೌಟು ಹಿಡಿದು ನಿಂತೇ ಇದ್ದೆ. ಬಿ.ಎ. ಓದುವಾಗ ಇದಕ್ಕೆಲ್ಲ ನನ್ನಲ್ಲಿ ತಯಾರಾದ ಉತ್ತರಗಳಿದ್ದವು. ಈಗ ಒಂದೂ ನೆನಪಾಗಲಿಲ್ಲ, ನೆನಪಾಗದ್ದಕ್ಕೆ ಬೇಸರವೂ ಆಗಲಿಲ್ಲ.

"ಬರ್ಲಿ. ಯಾರ್ ಬ್ಯಾಡಂದಾರ?" ಎಂದ ಕಾಕಾ. "ಆದ್ರ ಬಸಣ್ಣನ ರಾಶಿ ಮಾರಿದ ಮ್ಯಾಲ ಬರ್ಲಿ. ತವರಿಗಿ ಬರೂ ಮಗಳಿಗಿ ತಮ್ಮನ ತಾಟಿನ ಕಡಿ ಲಕ್ಷ್ಯ ಇರಬೇಕು."

ಹೀಗೆಂದು ತಾಟನ್ನು ನನ್ನ ಕಡೆ ಸರಿಸಿದ. "ಇನ್ನೊಂದೀಟು ಹಾಕು. ಛಲೋ ಕುದ್ದದ."